ಬೇಸಗೆಯಲ್ಲಿ ನಿಂತ ಟ್ರ್ಯಾಕ್ಟರಿನ ಬ್ಯಾಟರಿ

ಮೃಗಶಿರಾ ಮಳೆಯನ್ನು ಕಲಬುರಗಿ ಸೀಮೆಯವರು ‘ಮಿರಗ’ ಎನ್ನುತ್ತಾರೆ. ಜೂನ್ ತಿಂಗಳಲ್ಲಿ ಈ ಮಳೆ ಬಿದ್ದು ಎರೆಮಣ್ಣು ಹದಗೊಂಡಿತೆಂದರೆ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ತೊಗರಿ, ಹೆಸರುಗಳ ಬಿತ್ತನೆಗೆ ಎಲ್ಲಿಲ್ಲದ ಅವಸರ. ಆ ಹದವು ಯಾರಿಗಾಗಿಯೂ ಕಾಯುವುದಿಲ್ಲ. ಅಂಥ ದಿನದ ಬೆಳಿಗ್ಗೆ ಟ್ರ್ಯಾಕ್ಟರಿನ ಕೀಲಿ ತಿರುಗಿಸಿದಾಗ ‘ಟಕ್’ ಎಂಬ ಒಂದೇ ಸದ್ದು ಕೇಳಿಸಿ ಎಂಜಿನ್ ಸುಮ್ಮನಾದರೆ ರೈತನ ಮನಸ್ಸು ಹೇಗಾದೀತು! ತೊಗರಿಯ ರಾಶಿ ಮುಗಿದು, ಮಾಗಿಯ ಉಳುಮೆಯೂ ಆದ ಮೇಲೆ ಮೂರು ತಿಂಗಳು ನೆರಳು ಕಾಣದೆ ನಿಂತಿದ್ದ ಟ್ರ್ಯಾಕ್ಟರ್ ಅದು. ಯಾವ ಕೆಲಸವನ್ನೂ ಮಾಡದೆ ಇದ್ದ ಬ್ಯಾಟರಿ ಇಳಿದುದಾದರೂ ಹೇಗೆ?

ವಾಹನಗಳ ಬ್ಯಾಟರಿ ಹಳೆಯ ಸಾಧನ. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ರಚಿಸಿದ ಸೀಸದ ಕೋಶವೇ ಇದರ ಮೂಲ. ತುಂಬಿದ ಬ್ಯಾಟರಿಯಲ್ಲಿ ಧನಫಲಕವು ಸೀಸದ ಡೈಆಕ್ಸೈಡಿನದು, ಋಣಫಲಕವು ಸೀಸದ್ದು. ಎರಡೂ ಸಾರರಿಕ್ತ ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ವಿದ್ಯುತ್ತು ಹರಿದಂತೆಲ್ಲ ಎರಡೂ ಫಲಕಗಳ ಮೇಲೆ ಸೀಸದ ಸಲ್ಫೇಟು ಕೂಡುತ್ತದೆ, ಆಮ್ಲವು ತೆಳುವಾಗುತ್ತದೆ. ಹೊರಗಡೆಯ ತಂತಿಯೇ ಇಲ್ಲದಿದ್ದರೂ ಈ ಕ್ರಿಯೆ ಒಳಗೊಳಗೇ ಮೆಲ್ಲನೆ ನಡೆಯುತ್ತಿರುತ್ತದೆ. ಕೂಡಲೇ ಮತ್ತೆ ಚಾರ್ಜ್ ಮಾಡಿದರೆ ನವುರಾದ ಆ ಸಲ್ಫೇಟು ಕರಗಿಹೋಗುವುದು. ವಾರಗಟ್ಟಲೆ ಬಿಟ್ಟರೆ ಅದು ದಪ್ಪ ಹರಳುಗಳಾಗಿ ಗಟ್ಟಿಗೊಳ್ಳುತ್ತದೆ. ಆಮೇಲೆ ಎಷ್ಟು ವಿದ್ಯುತ್ತು ತುಂಬಿದರೂ ಪೂರ್ತಿ ಕರಗದು. ಬ್ಯಾಟರಿಯನ್ನು ಕೊಲ್ಲುವುದು ವಿಶ್ರಾಂತಿಯಲ್ಲ, ಅರೆಹೊಟ್ಟೆಯ ವಿಶ್ರಾಂತಿ.

ಇಲ್ಲಿ ಉಷ್ಣತೆಯ ಪಾತ್ರವನ್ನು ಗಮನಿಸಬೇಕು. ಉಷ್ಣತೆಯು 10 ಡಿಗ್ರಿ ಏರಿದಂತೆ ಈ ಸ್ವಯಂ ನಷ್ಟವು ಸುಮಾರು ಇಮ್ಮಡಿಯಾಗುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಿಂಗಳಿಗೆ ನೂರಕ್ಕೆ ಐದು ಪಾಲು ನಷ್ಟವಾಗುವ ಬ್ಯಾಟರಿ, 35 ಡಿಗ್ರಿಯಲ್ಲಿ ಹತ್ತು ಪಾಲು ಕಳೆದುಕೊಳ್ಳುತ್ತದೆ. ಕಲಬುರಗಿಯ ಬೇಸಗೆಯಲ್ಲಿ ಹಗಲಿನ ತಾಪ 40ನ್ನು ಮೀರುವುದು ಎಲ್ಲರಿಗೂ ತಿಳಿದದ್ದೇ. ತಗಡಿನ ಮಾಡಿನ ಕೆಳಗಿನ ಮಾತಂತೂ ಬೇಡ. ಚಳಿನಾಡುಗಳಲ್ಲಿ ವಾಹನವನ್ನು ನಿಲ್ಲಿಸಿಡುವುದು ಹಿಮಗಾಲದಲ್ಲಿ; ಅಲ್ಲಿನ ಶೀತವೇ ಬ್ಯಾಟರಿಗೆ ಅರ್ಧ ಕಾವಲು. ನಮ್ಮಲ್ಲಿಯಾದರೋ ನಿಲ್ಲಿಸುವ ಕಾಲವೂ ಬೇಗೆಯ ಕಾಲವೂ ಒಂದೇ ಆಗಿವೆ.

ಲೆಕ್ಕವನ್ನು ಮಾಡಿ ನೋಡೋಣ. 80 ಆಂಪೇರ್-ಗಂಟೆಯ ಬ್ಯಾಟರಿ 35 ಡಿಗ್ರಿಯಲ್ಲಿ ಮೂರು ತಿಂಗಳಿಗೆ ಸುಮಾರು 24 ಆಂಪೇರ್-ಗಂಟೆ ಕಳೆದುಕೊಳ್ಳುತ್ತದೆ. ಗಡಿಯಾರವೋ ಮತ್ತಾವುದೋ ವಿದ್ಯುನ್ಮಾನ ಉಪಕರಣವೋ ಗುಟ್ಟಾಗಿ 0.02 ಆಂಪೇರಿನಷ್ಟು ಹೀರುತ್ತಿದ್ದರೆ 90 ದಿನಗಳಲ್ಲಿ ಇನ್ನೂ 43 ಹೋಗುತ್ತದೆ. ಉಳಿಯುವುದು 13. ಅಷ್ಟರಿಂದ ಡೀಸೆಲ್ ಎಂಜಿನನ್ನು ತಿರುಗಿಸುವ ಆಸೆ ಬೇಡ.

2020ರ ಮಾರ್ಚ್ 25ರಂದು ದೇಶವೆಲ್ಲ ಲಾಕ್‌ಡೌನಿಗೆ ಒಳಗಾದಾಗ ಈ ಪಾಠ ಪೇಟೆಗೂ ತಲುಪಿತು. ರಾಜ್ಯದಲ್ಲಿ ಸಾರಿಗೆ ಬಸ್ಸುಗಳು ಮತ್ತೆ ಓಡಲಾರಂಭಿಸಿದ್ದು ಮೇ 19ರಂದು. ಸುಮಾರು ಎಂಟು ವಾರ, ಅದೂ ಕಡುಬೇಸಗೆ! ಆಗ ಹಲವರು ವಾರಕ್ಕೊಮ್ಮೆ ಐದು ನಿಮಿಷ ಎಂಜಿನ್ ಓಡಿಸಿ ತೃಪ್ತರಾದರು. ಅದರಿಂದ ಪ್ರಯೋಜನ ಅಲ್ಪ. ಎಂಜಿನ್ ಹೊತ್ತಿಸಲು 200 ಆಂಪೇರಿನಂತೆ ಐದು ಸೆಕೆಂಡು ಸೆಳೆದರೆ ಸುಮಾರು 0.28 ಆಂಪೇರ್-ಗಂಟೆ ಖರ್ಚು. ನಿಧಾನವಾಗಿ ಓಡುವ ಎಂಜಿನ್ ಐದು ಆಂಪೇರು ಹಿಂದಿರುಗಿಸಿದರೂ ಐದು ನಿಮಿಷಕ್ಕೆ ದೊರೆಯುವುದು ಸುಮಾರು 0.42. ಒಂದು ತಿಂಗಳ ಎಂಟು ಆಂಪೇರ್-ಗಂಟೆಯ ಕೊರತೆ ತುಂಬಲು ಅದೇ ಎಂಜಿನನ್ನು ಒಂದೂವರೆ ಗಂಟೆಗೂ ಮಿಗಿಲಾಗಿ ಓಡಿಸಬೇಕು. ಡೀಸೆಲಿನ ಬೆಲೆಯನ್ನು ಓದುಗರೇ ಲೆಕ್ಕ ಹಾಕಲಿ.

ಹಾಗಾದರೆ ಉಪಾಯವೇನು? ನಿಲ್ಲಿಸುವ ಮುನ್ನವೇ ಪೂರ್ತಿ ಚಾರ್ಜ್ ಮಾಡಿ, ಋಣಧ್ರುವದ ತಂತಿಯನ್ನು ಬಿಚ್ಚಿಡುವುದು. ವಾಹನದ ಚೌಕಟ್ಟಿಗೆ ಕೂಡಿರುವುದು ಸಾಮಾನ್ಯವಾಗಿ ಆ ಧ್ರುವವೇ ಆದ್ದರಿಂದ ಅದನ್ನು ಮೊದಲು ಬಿಚ್ಚಿದರೆ ಸ್ಪಾನರು ಕಬ್ಬಿಣಕ್ಕೆ ತಾಗಿದರೂ ಕಿಡಿ ಹಾರದು. ಮರುಜೋಡಣೆಯಲ್ಲಿ ಅದು ಕೊನೆಯದು. ಆಮೇಲೆ ತಿಂಗಳಿಗೊಮ್ಮೆ ವೋಲ್ಟ್ ಮೀಟರಿನಿಂದ ನೋಡಬೇಕು. ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿಯಲ್ಲಿ 12.7 ವೋಲ್ಟು ತುಂಬಿದ ಗುರುತು, 12.4ಕ್ಕೆ ಇಳಿದರೆ ಮತ್ತೆ ಚಾರ್ಜ್ ಮಾಡಬೇಕು. 80 ಆಂಪೇರ್-ಗಂಟೆಯದಕ್ಕೆ ಎಂಟು ಆಂಪೇರು ಮೀರದಿರಲಿ. ಆಗ ಜಲಜನಕ ಹೊರಬೀಳುವುದರಿಂದ ಗಾಳಿಯಾಡುವ ಜಾಗ ಬೇಕು, ಬೀಡಿ ದೂರವಿರಬೇಕು. ಮುಚ್ಚಳ ತೆರೆಯಬಹುದಾದ ಬ್ಯಾಟರಿಯಾದರೆ ಬಟ್ಟಿಯಿಳಿಸಿದ ನೀರನ್ನೇ ಹಾಕಬೇಕು. ಬಾವಿಯ ನೀರಿನ ಲವಣಗಳು ಫಲಕಗಳನ್ನು ಕೆಡಿಸುತ್ತವೆ. ವಿದ್ಯುತ್ತಿನ ಭರವಸೆಯಿಲ್ಲದ ಹೊಲಮನೆಗೆ, ನಿಯಂತ್ರಕವುಳ್ಳ ಹತ್ತು ವ್ಯಾಟಿನ ಸೌರಫಲಕವೊಂದು ಸಾಕು. ಬ್ಯಾಟರಿಯನ್ನು ಬಾಡಿಸುವ ಆ ಬಿಸಿಲೇ ಅದನ್ನು ತುಂಬಿಡುತ್ತದೆ.

ಬ್ಯಾಟರಿಯನ್ನು ಬಿಚ್ಚಿ ಒಳಗಿಡುವವರು ಅದರಡಿಗೆ ಹಲಗೆ ಹಾಕುವುದುಂಟು, ಬರಿಯ ನೆಲ ವಿದ್ಯುತ್ತನ್ನು ಹೀರುತ್ತದೆಂಬ ಭಯದಿಂದ. ಹಿಂದಿನ ಕಾಲದ ಬ್ಯಾಟರಿಗಳ ಮರದ ಪೆಟ್ಟಿಗೆ ಆಮ್ಲದಿಂದ ನೆನೆದು ಸೋರುತ್ತಿದ್ದಾಗ ಆ ಭಯಕ್ಕೆ ಅರ್ಥವಿತ್ತು. ಈಗಿನ ಪ್ಲಾಸ್ಟಿಕ್ ಪೆಟ್ಟಿಗೆಗೆ ಅದು ಸಲ್ಲದು. ಈ ಸೀಮೆಯ ಮನೆಗಳಲ್ಲಿ ಹಾಸಿರುವ ಶಹಾಬಾದ್ ಕಲ್ಲು ಬೇಸಗೆಯಲ್ಲೂ ತಣ್ಣಗಿರುತ್ತದೆ. ಮಕ್ಕಳ ಕೈಗೆಟುಕದ, ಗಾಳಿಯಾಡುವ ಒಂದು ಮೂಲೆಯಲ್ಲಿ ಆ ಕಲ್ಲಿನ ಮೇಲೆಯೇ ಬ್ಯಾಟರಿಯನ್ನು ನಿಶ್ಚಿಂತೆಯಿಂದ ಇರಿಸಬಹುದು.