ತಿಳಿನೀರೆಲ್ಲ ಕುಡಿಯುವ ನೀರಲ್ಲ

ಕಡೂರು ತಾಲ್ಲೂಕಿನ ಪಂಚನಹಳ್ಳಿ ಬಯಲುಸೀಮೆಯ ಊರು. ಇಂಥ ಕಡೆ ಬೋರ್‌ವೆಲ್ ನೀರನ್ನು ಲೋಟಕ್ಕೆ ಹಿಡಿದರೆ ತಳ ಕಾಣುವಷ್ಟು ತಿಳಿ. ಪಕ್ಕದ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಅಣೆಕಟ್ಟು ಕಟ್ಟಿರುವ ಭದ್ರೆ ಮಳೆಗಾಲದಲ್ಲಿ ಕೆಂಪಗೆ ಹರಿಯುತ್ತಾಳೆ. ಆದರೂ ಕುಡಿಯುವ ನೀರು ಮಾಡುವುದು ಸುಲಭವಾಗುವುದು ಆ ಕೆಂಪು ನೀರಿನಿಂದಲೇ. ಕೆಸರು ನೀರಿನಲ್ಲಿ ತೇಲುತ್ತದೆ, ಉಪ್ಪು ಕರಗಿರುತ್ತದೆ. ತೇಲುವುದನ್ನು ತೆಗೆದುಬಿಡಬಹುದು, ಕರಗಿದ್ದು ಹಾಗೆ ಸುಲಭಕ್ಕೆ ಬಿಡುವುದಿಲ್ಲ.

ನದಿ ನೀರಿನ ಶುದ್ಧೀಕರಣ ಘಟಕದ ಬಹುಪಾಲು ಕೆಲಸ ಈ ಮಣ್ಣನ್ನು ಮುಳುಗಿಸುವುದೇ. ಜೇಡಿಮಣ್ಣಿನ ಸಣ್ಣ ಕಣಗಳಿಗೆಲ್ಲ ಋಣ ವಿದ್ಯುದಂಶವಿರುವುದರಿಂದ ಒಂದನ್ನೊಂದು ದೂಡುತ್ತ, ದಿನಗಟ್ಟಲೆ ಬಿಟ್ಟರೂ ತಳಕ್ಕೆ ಇಳಿಯುವುದಿಲ್ಲ. ಪಟಿಕದ ದ್ರಾವಣ ಹಾಕಿ ಮೊದಲು ಜೋರಾಗಿ ಕದಡುತ್ತಾರೆ, ಆಮೇಲೆ ಮೆಲ್ಲಗೆ ತಿರುವುತ್ತಾರೆ. ಆಗ ಕಣಗಳು ಒಂದಕ್ಕೊಂದು ಅಂಟಿ, ಒಡೆದ ಹಾಲಿನ ಹಾಗೆ ಗಡ್ಡೆ ಕಟ್ಟುತ್ತವೆ. ಕೊನೆತನಕ ಜೋರಾಗಿಯೇ ತಿರುವಿದರೆ ಗಡ್ಡೆ ಚೂರಾಗಿ ಮಾಡಿದ್ದೆಲ್ಲ ವ್ಯರ್ಥ. (ಹಿಂದಿನವರು ಚಿಲ್ಲದ ಬೀಜ ತೇಯ್ದು ಬಗ್ಗಡ ಇಳಿಸುತ್ತಿದ್ದದ್ದೂ ಇದೇ ಕೆಲಸ.) ಗಡ್ಡೆ ತೊಟ್ಟಿಯ ತಳ ಸೇರಿದ ಮೇಲೆ ನೀರು ಮರಳಿನ ಹಾಸಿನ ಮೂಲಕ ಇಳಿಯುತ್ತದೆ, ಉಳಿದ ರೋಗಾಣುಗಳಿಗೆ ಕ್ಲೋರಿನ್. ಬೋರಿನ ಆಳದ ಕಲ್ಲಿನಿಂದ ಕರಗಿ ಬರುವ ಫ್ಲೋರೈಡ್, ಗಡಸು ಲವಣಗಳು ಈ ಮಾಮೂಲಿ ಉಪಚಾರಕ್ಕೆ ಜಗ್ಗುವುದಿಲ್ಲ.

ಹಾಗಾದರೆ ಊರಿನಲ್ಲೇ ನಾಣ್ಯ ಹಾಕಿ ಕ್ಯಾನು ತುಂಬಿಸುವ ಆರ್‌ಒ ಘಟಕ ಸಾಲದೇ ಎನ್ನಬಹುದು. ನದಿ ನೀರು ಬರುವತನಕ ಅದು ಬೇಕೇ ಬೇಕು. ಕರಗಿದ ಲವಣವನ್ನು ಅದರ ಪೊರೆ ತಡೆಯುತ್ತದೆ. ಆದರೆ ಎಳೆದ ನೀರಿನಲ್ಲಿ ದೊಡ್ಡ ಪಾಲನ್ನು ಉಪ್ಪಿನೊಂದಿಗೆ ಹೊರಗೆ ಚೆಲ್ಲುತ್ತದೆ. ಬೋರು ಬತ್ತುವ ಸೀಮೆಯಲ್ಲಿ ಇದು ದುಬಾರಿ ಬಾಬತ್ತು. ನದಿ ನೀರನ್ನು ಬಯಲುಸೀಮೆಗೆ ತರುವ ಭದ್ರಾ ಮೇಲ್ದಂಡೆಯಂಥ ಯೋಜನೆಯನ್ನು ಬರೀ ತೋಟ, ಹೊಲದ ಲೆಕ್ಕದಲ್ಲಿ ಅಳೆಯುವುದು ತಪ್ಪು ಎನ್ನುವುದು ಇದಕ್ಕೇ. ನಲ್ಲಿ ನೀರಿಗೆ ಕ್ಲೋರಿನ್ ವಾಸನೆ ಎಂಬ ದೂರೂ ಇದೆ. ಆ ವಾಸನೆ ಕೊಳವೆಯ ಕಾವಲು: ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕೆಂದು ಭಾರತೀಯ ಮಾನಕವೇ ಹೇಳುತ್ತದೆ. ಕ್ಲೋರಿನ್ ಉಳಿಯದ ಆರ್‌ಒ ನೀರಿಗೆ ತೊಳೆಯದ ಕ್ಯಾನೇ ಶತ್ರು.

ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5. ನಿಮ್ಮ ಬೋರಿನಲ್ಲಿ ಎಷ್ಟಿದೆ ಎಂದು ಒಮ್ಮೆ ಪರೀಕ್ಷೆ ಮಾಡಿಸಿ. ಕಾಯಿಸಿ ಕುಡಿದರೆ ಸಾಕೆಂದು ಬಿಡಬೇಡಿ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಫ್ಲೋರೈಡ್ ಗಟ್ಟಿಯಾಗುತ್ತದೆ.