ವಾಚನಾಭಿರುಚಿಯ ಜೀರ್ಣೋದ್ಧಾರ

ಅಕ್ಷರ ಬಲ್ಲವರೆಲ್ಲರೂ ಪ್ರತಿದಿನವೂ ಏನನ್ನಾದರೂ ಓದುತ್ತಲೇ ಇರುತ್ತಾರೆ. ಬೆಳಗ್ಗೆ ವೃತ್ತಪತ್ರಿಕೆ, ಹಗಲು ಕಚೇರಿಯ ಕಾಗದಪತ್ರ, ಸಂಜೆ ಮಕ್ಕಳ ಪಾಠ, ನಡುನಡುವೆ ಮೊಬೈಲಿನ ಸಂದೇಶ. ಆದರೂ ‘ಈಚೆಗೆ ಯಾವ ಪುಸ್ತಕವನ್ನು ಓದಿದಿರಿ?’ ಎಂದು ಗೃಹಸ್ಥರೊಬ್ಬರನ್ನು ಕೇಳಿದರೆ, ‘ಕಾಲೇಜಿನಲ್ಲಿದ್ದಾಗ ಬಹಳ ಓದುತ್ತಿದ್ದೆ, ಈಗೆಲ್ಲಿ ಪುರಸತ್ತು?’ ಎಂಬ ಉತ್ತರವೇ ಸಾಮಾನ್ಯವಾಗಿ ಬರುತ್ತದೆ. ವಿಚಾರಿಸಿ ನೋಡಿದರೆ, ಪ್ರಯೋಜನಕ್ಕಾಗಿ ಓದುವ ಅಭ್ಯಾಸವು ಬಲಿತು ಸಂತೋಷಕ್ಕಾಗಿ ಓದುವ ಅಭ್ಯಾಸವು ಸೊರಗಿರುವುದೇ ಇದಕ್ಕೆ ಮುಖ್ಯ ಕಾರಣವೆಂದು ತಿಳಿಯುತ್ತದೆ.

ಸಂತೋಷಕ್ಕಾಗಿ ಓದುವುದು ಕಾಲಹರಣವೆಂಬ ಶಂಕೆ ಕೆಲವರಿಗುಂಟು. ನಮ್ಮ ಆಲಂಕಾರಿಕರು ಹಾಗೆ ಎಣಿಸಲಿಲ್ಲ. ಹನ್ನೊಂದನೆಯ ಶತಮಾನದ ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ ಕಾವ್ಯದ ಪ್ರಯೋಜನಗಳನ್ನು ಆರಾಗಿ ಹೇಳಿದ್ದಾನೆ: ಕೀರ್ತಿ, ಧನ, ಲೋಕವ್ಯವಹಾರದ ಜ್ಞಾನ, ಅಮಂಗಳ ನಿವಾರಣೆ, ಒಡನೆಯೇ ದೊರೆಯುವ ಪರಮಾನಂದ, ಕಾಂತೆಯ ನುಡಿಯಂತೆ ಹಿತವಾದ ಉಪದೇಶ. ಇವುಗಳಲ್ಲಿ ಆನಂದಕ್ಕೇ ಅವನು ಅಗ್ರಸ್ಥಾನವನ್ನು ಕೊಟ್ಟನು. ಅದೇ ಶತಮಾನದ ಸೋಮದೇವನು ‘ಕಥಾಸರಿತ್ಸಾಗರ’ವನ್ನು ರಚಿಸಿದ್ದು ಕಾಶ್ಮೀರದ ರಾಣಿ ಸೂರ್ಯವತಿಯ ಮನೋವಿನೋದಕ್ಕಾಗಿ.

ಕನ್ನಡನಾಡಿನಲ್ಲಿಯೂ ವಾಚನವು ಬೆಳೆದುದು ಈ ಸಂತೋಷದ ಬಲದಿಂದಲೇ. ಗಮಕಿಗಳು ಕುಮಾರವ್ಯಾಸನ ಭಾರತವನ್ನೂ ಲಕ್ಷ್ಮೀಶನ ಜೈಮಿನಿಭಾರತವನ್ನೂ ವಾಚಿಸುತ್ತಿದ್ದಾಗ ಅಕ್ಷರ ಬಾರದವರೂ ಜಗಲಿಯ ಮೇಲೆ ಕುಳಿತು ಕೇಳಿ ನಲಿಯುತ್ತಿದ್ದರು. ಅಚ್ಚಿನ ಪುಸ್ತಕಗಳ ಕಾಲ ಬಂದ ಮೇಲೆ ಬಿ. ವೆಂಕಟಾಚಾರ್ಯರು (೧೮೪೫–೧೯೧೪) ಬಂಕಿಮಚಂದ್ರರ ಕಾದಂಬರಿಗಳನ್ನು ಬಂಗಾಳಿಯಿಂದ ಕನ್ನಡಕ್ಕೆ ತಂದರು. ಉಪಾಧ್ಯಾಯರಾಗಿದ್ದ ಗಳಗನಾಥರು (೧೮೬೯–೧೯೪೨) ತಾವು ಬರೆದ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಅವನ್ನು ಕೊಂಡವರಿಗೆ ಯಾವ ಪರೀಕ್ಷೆಯೂ ಇರಲಿಲ್ಲ. ಕಥೆ ಮುಂದೇನಾಯಿತೆಂಬ ಕುತೂಹಲವೊಂದೇ ಇತ್ತು. ಆ ಕುತೂಹಲವನ್ನು ಮತ್ತೆ ಎಚ್ಚರಿಸುವುದು ಹೇಗೆಂಬುದೇ ಈಗಿನ ಪ್ರಶ್ನೆ.

ಮೊದಲನೆಯದಾಗಿ, ಲಘುವಾದುದರಿಂದ ಆರಂಭಿಸತಕ್ಕದ್ದು. ಬಹುದಿನ ಉಪವಾಸವಿದ್ದವನಿಗೆ ಗಂಜಿಯನ್ನು ಕೊಡುವರೇ ಹೊರತು ಹೋಳಿಗೆಯನ್ನು ಬಡಿಸುವುದಿಲ್ಲ. ಮಾಸ್ತಿಯವರ ಒಂದು ಸಣ್ಣ ಕಥೆ, ಅಥವಾ ಗೊರೂರರ ‘ಹಳ್ಳಿಯ ಚಿತ್ರಗಳು’ (೧೯೩೦) ಪುಸ್ತಕದ ಒಂದು ಪ್ರಬಂಧ, ಒಂದೇ ಆಸನದಲ್ಲಿ ಮುಗಿಯುತ್ತದೆ. ಯೌವನದಲ್ಲಿ ಮೆಚ್ಚಿದ್ದ ಪುಸ್ತಕವನ್ನೇ ಪುನಃ ತೆರೆಯುವುದು ಇನ್ನೂ ಸುಲಭ. ಅಲ್ಲಿ ದಾರಿ ಪರಿಚಿತವಾಗಿರುತ್ತದೆ.

ಎರಡನೆಯದಾಗಿ, ರುಚಿಸದ ಪುಸ್ತಕವನ್ನು ಸಂಕೋಚವಿಲ್ಲದೆ ಬಿಡಬೇಕು. ಸಂಕಲ್ಪಮಾಡಿ ಹಿಡಿದ ವ್ರತವಾದರೆ ನಡುವೆ ಬಿಡಲಾಗದು. ಕಥೆಗೆ ಆ ನಿರ್ಬಂಧವಿಲ್ಲ. ಪುಸ್ತಕಗಳ ವೆಚ್ಚಕ್ಕೂ ಅಂಜಬೇಕಾಗಿಲ್ಲ. ೧೯೬೫ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಮೇರೆಗೆ ಮನೆಕಂದಾಯದೊಡನೆ ಗ್ರಂಥಾಲಯ ಕರವೂ ಸೇರಿರುತ್ತದೆ. ಹಣ ತೆತ್ತವರು ಗ್ರಂಥಾಲಯದ ಮೆಟ್ಟಿಲನ್ನು ಹತ್ತದಿರುವುದು ನ್ಯಾಯವೇ?

ಮೂರನೆಯದಾಗಿ, ಕಾಲವನ್ನು ನಿಯಮಿಸಿಕೊಳ್ಳಬೇಕು. ರಾತ್ರಿಯ ಊಟವಾದ ಮೇಲೆ ಕಾಲುಗಂಟೆ ಸಾಕು. ಆಗ ಮೊಬೈಲನ್ನು ಬೇರೆ ಕೋಣೆಯಲ್ಲಿಡುವುದು ಲೇಸು. ಕ್ಷಣಕ್ಕೊಂದು ಸುದ್ದಿಗೆ ಹಾರಿ ಪಳಗಿದ ಮನಸ್ಸು ಮೊದಲ ಕೆಲವು ದಿನ ಹಗ್ಗ ಬಿಚ್ಚಿದ ಕರುವಿನಂತೆ ಓಡುತ್ತದೆ; ಅದಕ್ಕೆ ಬೇಸರಪಡದೆ ಪ್ರತಿದಿನವೂ ಅದೇ ಜಾಗದಲ್ಲಿ ಕುಳಿತರೆ ಕ್ರಮೇಣ ನಿಲ್ಲುತ್ತದೆ.

ಇವೆಲ್ಲಕ್ಕಿಂತಲೂ ಮಿಗಿಲಾದ ಉಪಾಯವೆಂದರೆ, ಮನೆಯವರೆಲ್ಲರೂ ಕೇಳುವಂತೆ ಗಟ್ಟಿಯಾಗಿ ಓದುವುದು. ಕಣ್ಣು ಮಂಜಾದ ಅಜ್ಜಿ, ಮರುದಿನಕ್ಕೆ ಅವರೆಕಾಯಿ ಬಿಡಿಸುತ್ತಿರುವ ಗೃಹಿಣಿ, ಶಾಲೆಯ ಪಾಠದಿಂದ ದಣಿದ ಬಾಲಕ, ಎಲ್ಲರಿಗೂ ಅದರಲ್ಲಿ ಪಾಲು ದೊರೆಯುತ್ತದೆ. ಆದರೆ ಕಥೆ ಮುಗಿದೊಡನೆ ‘ಇದರ ನೀತಿಯೇನು ಹೇಳು’ ಎಂದು ಮಗುವನ್ನು ಕೇಳಕೂಡದು. ಪುಸ್ತಕವೆಂದರೆ ಪ್ರಶ್ನೋತ್ತರವೆಂದು ತಿಳಿದ ಮಗು ಪರೀಕ್ಷೆ ಮುಗಿದ ದಿನವೇ ಪುಸ್ತಕಕ್ಕೆ ನಮಸ್ಕಾರ ಹಾಕಿಬಿಡುತ್ತದೆ. ತಂದೆಯು ತನ್ನಷ್ಟಕ್ಕೆ ಓದುತ್ತ ನಗುವುದನ್ನು ಕಂಡ ಮಗು, ‘ಅಪ್ಪಾ, ಅದರಲ್ಲೇನಿದೆ?’ ಎಂದು ತಾನಾಗಿಯೇ ಬಳಿಗೆ ಬರುತ್ತದೆ.

ಉದ್ಯೋಗದಿಂದ ನಿವೃತ್ತರಾದ ಅನೇಕ ಮಿತ್ರರು, ಮಧ್ಯಾಹ್ನಗಳು ಕಳೆಯಲಾರದಷ್ಟು ದೀರ್ಘವಾಗಿವೆಯೆಂದು ನನ್ನೊಡನೆ ನಿಟ್ಟುಸಿರಿಟ್ಟಿದ್ದಾರೆ. ಮಕ್ಕಳು ಪರಸ್ಥಳಗಳಲ್ಲಿ, ಗೆಳೆಯರು ಒಬ್ಬೊಬ್ಬರಾಗಿ ವಿರಳ. ಅಂತಹ ವಯಸ್ಸಿನಲ್ಲಿ ಪುಸ್ತಕದ ಸಖ್ಯವನ್ನು ಹೊಸದಾಗಿ ಸಂಪಾದಿಸುವುದು ಕಷ್ಟ. ಆದಕಾರಣ ವಾಚಕಮಹಾಶಯರು ಆ ಸಖ್ಯವನ್ನು ಮೊದಲೇ ನವೀಕರಿಸಿಕೊಳ್ಳುವುದು ಒಳಿತು. ಬೀರುವಿನಲ್ಲಿ ಧೂಳು ಹಿಡಿದಿರುವ ಒಂದು ಪುಸ್ತಕವನ್ನು ಈ ರಾತ್ರಿಯೇ ಒರೆಸಿ ತೆರೆಯಬಹುದು.