ಮಾತೆ ಮರಿಯಮ್ಮನವರ ಜನನೋತ್ಸವ: ಭ್ರೂಣಗಳ ಎಣಿಕೆ


ಸೆಪ್ಟೆಂಬರ್ 8ರಂದು ಕುಂದಾಪುರ, ಬೈಂದೂರು, ಬ್ರಹ್ಮಾವರದ ಚರ್ಚುಗಳಲ್ಲಿ ಮಕ್ಕಳು ಮಾತೆಗೆ ಹೂವು ಅರ್ಪಿಸುತ್ತಾರೆ. ಆಶೀರ್ವದಿಸಿದ ಹೊಸ ತೆನೆ ಮನೆಮನೆ ಸೇರುತ್ತದೆ. ಆ ಸಾಲಿಗೆ ಕಳುಹಿಸಲು ಮಗುವಿಲ್ಲದ ದಂಪತಿಗಳ ಮನಸ್ಸು ಅಂದು ಹೆಚ್ಚು ನೋಯುತ್ತದೆ. ಮರಿಯಳ ಹೆತ್ತವರಾದ ಜೋಕಿಮ್, ಅನ್ನಮ್ಮನವರೂ ಬಹುಕಾಲ ಈ ನೋವುಂಡವರೆಂದು ಸಂಪ್ರದಾಯ ಹೇಳುತ್ತದೆ.

ಪ್ರನಾಳ ಶಿಶು ಚಿಕಿತ್ಸೆಗೆ ಹೋದವರಿಗೆ ಎದುರಾಗುವ ಪ್ರಶ್ನೆ: ಗರ್ಭಕ್ಕೆ ಎಷ್ಟು ಭ್ರೂಣ ಸೇರಿಸುವುದು? 2005ರ ಐ.ಸಿ.ಎಂ.ಆರ್. ಮಾರ್ಗಸೂಚಿಯು ಸಾಮಾನ್ಯವಾಗಿ 3ನ್ನು ಮೀರಬಾರದೆಂದಿತು. ಹೆಚ್ಚು ಸೇರಿಸಿದರೆ ಅವಳಿ-ತ್ರಿವಳಿ, ಅವಧಿಗೆ ಮುನ್ನ ಹೆರಿಗೆ. ಕೆಲವೊಮ್ಮೆ ಗರ್ಭದಲ್ಲೇ ಒಂದನ್ನು ಇಲ್ಲವಾಗಿಸುವ ಸಲಹೆ. ಕಡಿಮೆ ಸೇರಿಸಿದರೆ ಉಳಿದವು ಶೀತಲಪೆಟ್ಟಿಗೆಗೆ. 2021ರ ಕಾಯ್ದೆಯಂತೆ 10 ವರ್ಷಗಳ ಬಳಿಕ ಅವು ನಾಶಕ್ಕೆ ಅಥವಾ ಸಂಶೋಧನೆಗೆ.

ಸಂಖ್ಯೆ ಬದಲಿಸಿದರೂ ಸಂಕಟ ತಪ್ಪದು. ಏಕೆಂದರೆ ಎಣಿಸುತ್ತಿರುವುದು ಜೀವಗಳನ್ನು. ಮಗು ದಂಪತಿಗಳ ಪ್ರೀತಿಯ ಮಿಲನದಿಂದಲೇ ಬರಬೇಕಾದ ವರ. ಆದ್ದರಿಂದ ಧರ್ಮಸಭೆಯು 1987ರ 'ದೋನುಂ ವಿತೇ' ಹಾಗೂ 2008ರಲ್ಲಿ ಇದೇ ಹಬ್ಬದ ದಿನಾಂಕ ಹೊತ್ತ 'ದಿಗ್ನಿತಾಸ್ ಪೆರ್ಸೋನೇ' ಬೋಧನೆಗಳಲ್ಲಿ ಈ ವಿಧಾನವನ್ನು ಒಪ್ಪಿಲ್ಲ. ಗರ್ಭನಾಳದ ತಡೆ ನಿವಾರಿಸುವ ಶಸ್ತ್ರಚಿಕಿತ್ಸೆ, ಹಾರ್ಮೋನ್ ಚಿಕಿತ್ಸೆ, ದತ್ತು ಸ್ವೀಕಾರಗಳನ್ನು ಅದು ಪ್ರೋತ್ಸಾಹಿಸುತ್ತದೆ. ಆದರೆ ಹಾಗೆ ಹುಟ್ಟಿದ ಮಗುವೂ ದೇವರ ಪೂರ್ಣ ವರದಾನವೇ. ಅದನ್ನು ಪ್ರೀತಿಯಿಂದ ಬರಮಾಡಿಕೊಳ್ಳೋಣ.

ಈ ಹಬ್ಬದಂದು ಯಾರನ್ನೂ "ಇನ್ನೂ ವಿಶೇಷ ಇಲ್ಲವೇ?" ಎಂದು ಕೇಳದಿರೋಣ. ಹೊಸ ಅಕ್ಕಿಯ ಊಟಕ್ಕೆ ಅವರನ್ನೂ ಕರೆಯೋಣ.